ಐದು ಕೊಡದ ಲೆಕ್ಕ

ಓದುಬರಹ ನನಗೆ ಅಷ್ಟಕ್ಕಷ್ಟೇ. ಎಣಿಕೆಯಲ್ಲಿ ಮಾತ್ರ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವಿತ್ತು. ಅದನ್ನು ಒಂದು ಮಳೆನೀರಿನ ತೊಟ್ಟಿ ಕುಡಿದುಬಿಟ್ಟಿತು.

ನಮ್ಮೂರು ಹರವೆಯ ಪಕ್ಕ. ಊರಿಗೆ ಟೀವಿ ಬಂದಿತ್ತು, ಸಿಹಿನೀರು ಬಂದಿರಲಿಲ್ಲ. ಬೋರಿನ ನೀರಿನಲ್ಲಿ ಪಾತ್ರೆ ತೊಳೆಯಬಹುದು, ಬೇಳೆ ಬೇಯುವುದಿಲ್ಲ. ಅಡಿಗೆಗೂ ಕುಡಿಯುವುದಕ್ಕೂ ಕೆರೆಯಾಚೆಯ ಬಾವಿಯಿಂದ ಹೊತ್ತು ತರಬೇಕು. ಸೊಸೆ ಮಾದೇವಿ ತವರಿಲ್ಲದವಳು, ಎರಡು ಬಸಿರು ಕಳೆದುಕೊಂಡವಳು. ಮೂರನೆಯದು ನಿಂತಾಗ ನರ್ಸಮ್ಮ, ಇನ್ನು ಕೊಡ ಹೊರಿಸಿದರೆ ಇದೂ ಉಳಿಯದು ಎಂದಳು. ಮಗ ನಾಗ ಹಂಚಿನ ಸೂರಿಗೆ ಮಳೆನೀರು ಹಿಡಿಯುವ ತಗಡಿನ ದೋಣಿ ಹಾಕಿಸಿ, ತೊಟ್ಟಿ ಕಟ್ಟಲು ಗುಂಡ್ಲುಪೇಟೆಯಿಂದ ಗಾರೆ ಕೆಲಸದ ಬಾಷಾ ಸಾಬರನ್ನು ಕರೆತಂದ.

"ದಿನಕ್ಕೆ ಎಷ್ಟು ಕೊಡ ಅಮ್ಮಾ?"

"ಐದು" ಎಂದೆ. ಮೂವತ್ತು ವರ್ಷ ಹೊತ್ತವಳಿಗೆ ಯೋಚನೆ ಯಾಕೆ? ಕಾರ್ತಿಕದಲ್ಲಿ ಹೋದ ಮಳೆ ಮುಖ ತೋರಿಸುವುದು ಯುಗಾದಿಯ ಆಸುಪಾಸಿಗೆ. ನಾಲ್ಕು ತಿಂಗಳಿಗೆ ಆರುನೂರು ಕೊಡ. ಸಾಬರು ಮಣ್ಣಿನ ಮೇಲೆ ಗೀಚಿ ಹತ್ತಡಿ ಉದ್ದ, ಎಂಟಡಿ ಅಗಲ, ನಾಲ್ಕಡಿ ಎತ್ತರ ಎಂದರು. ಆಮೇಲೆ ಗಡ್ಡ ಕೆರೆದುಕೊಂಡರು.

"ಆರಡಿ ಮಾಡ್ಬುಡ್ತೀನಿ ಅಮ್ಮಾ. ಬಾಗ್ಲಲ್ಲೇ ನೀರಿದ್ರೆ ಕೈ ಸುಮ್ಕಿರಲ್ಲ."

"ನೀನೇನ್ ನೀರು ಒತ್ತಿದ್ದೀಯಾ ಸಾಬ? ನಾಕೇ ಕಟ್ಟು."

ಕಟ್ಟಿದರು. ಕಾರ್ತಿಕದಲ್ಲಿ ತೊಟ್ಟಿ ತುಂಬಿತು, ಜೊತೆಗೆ ನಮ್ಮ ನಡವಳಿಕೆಯೂ ಬದಲಾಯಿತು. ಅಕ್ಕಿ ತೊಳೆಯುವುದು ಮೂರು ಸಲ. ಬಂದವರಿಗೆ ಕೇಳುವ ಮೊದಲೇ ಚೊಂಬು ತುಂಬ ನೀರು. ನಾನೂ ಕಡಿಮೆಯಲ್ಲ, ಮಧ್ಯಾಹ್ನ ಬಾಯಾರಿದಾಗಲೆಲ್ಲ ಕುಡಿದೆ. ಮೊದಲೆಲ್ಲ ಸಂಜೆಯ ಕೊಡ ಬರುವವರೆಗೆ ಉಗುಳು ನುಂಗಿಕೊಂಡು ಕೂರುತ್ತಿದ್ದೆ. ಅದನ್ನು ಬಾಯಾರಿಕೆ ಎಂದು ಎಣಿಸಿಯೇ ಇರಲಿಲ್ಲ.

ಶಿವರಾತ್ರಿಗೆ ತೊಟ್ಟಿಯ ತಳ ಕಂಡಿತು. ಏಳು ತಿಂಗಳ ಮಾದೇವಿ ತಲೆಗೆ ಸಿಂಬೆ ಇಟ್ಟುಕೊಂಡು ಕೊಡ ತೆಗೆದಳು.

"ಎಲ್ಗೆ ಕಣಮ್ಮಿ?"

"ಬಾವಿಗೆ ಕಣತ್ತೆ. ಬೇಳೆ ಬೇಯ್ಬೇಕಲ್ಲ."

ಆಗ ನನ್ನ ಲೆಕ್ಕದ ತಪ್ಪು ಗೊತ್ತಾಯಿತು. ಐದು ಕೊಡ ಎಂದರೆ ಇಬ್ಬರು ಹೆಂಗಸರ ಸೊಂಟ ತಡೆಯುವಷ್ಟು. ಮನೆಗೆ ಎಷ್ಟು ಬೇಕು ಎಂದು ಯಾರು ಅಳೆದಿದ್ದರು? ತಪ್ಪಾಯಿತು ಎನ್ನುವುದು ನನಗೆ ಅಭ್ಯಾಸವಿಲ್ಲ. ಕೊಡ ಕಿತ್ತು ಮಗನ ಕೈಗಿಟ್ಟೆ.

"ಓಗ್ಲಾ."

"ಗಂಡ್ಸು ಕೊಡ ಒತ್ರೆ ನಗ್ತಾರೆ ಕಣವ್ವ."

"ನಗೋರ್ಗೂ ಒಂದೊಂದು ಕೊಡ ಕೊಟ್ಟು ಕರ್ಕಂಡೋಗು."

ಸೈಕಲ್ಲಿಗೆ ಎರಡೆರಡು ಕೊಡ ಕಟ್ಟಿಕೊಂಡು ಹೋದ. ಆರನೆಯ ದಿನ ನಾನು ಹೇಳದೆಯೇ ಗುಂಡ್ಲುಪೇಟೆಯ ಬಸ್ಸು ಹತ್ತಿದ.

ಸಾಬರು ಬಂದು ಮತ್ತೆ ಅದೇ ಕೇಳಿದರು. ನಾನು ಮಗನ ಕಡೆ ಕೈ ತೋರಿಸಿದೆ. ಹೊತ್ತವನು ಹೇಳಿದ: "ಎಂಟು." ಸಾಬರು ಗೀಚಿದರು. ಹೆಚ್ಚುಕಡಿಮೆ ಅದೇ ಆರಡಿ. ಗೋಡೆಯನ್ನು ಅಷ್ಟಕ್ಕೆ ಏರಿಸಿದರು. ನಗಲಿಲ್ಲ, ದೊಡ್ಡ ಮನುಷ್ಯ.

ಯುಗಾದಿ ಕಳೆದು ಮಳೆ ಬಿತ್ತು, ತೊಟ್ಟಿ ತುಂಬಿತು, ಮೊಮ್ಮಗಳು ಹುಟ್ಟಿದಳು. ಎಳೆಮೈಗೆ ಬೋರಿನ ನೀರು ಹುಯ್ಯಲು ನನಗೆ ಮನಸ್ಸು ಬರಲಿಲ್ಲ. ಎಣ್ಣೆನೀರಿಗೆ ದಿನಕ್ಕೆ ಇನ್ನೊಂದು ಕೊಡ. ಯಾವ ಕೂಸು ಉಳಿಯಲೆಂದು ತೊಟ್ಟಿ ಕಟ್ಟಿದೆವೋ ಅದನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

ತೊಟ್ಟಿ ಮತ್ತೆ ಚಿಕ್ಕದಾಯಿತು. ಈ ಸಲ ತಪ್ಪಿದ್ದಕ್ಕೆ ನನಗೇನೂ ಬೇಸರವಿಲ್ಲ.