ಏಳಲಾರದ ಬಿಳಿ ಹುಂಜ

ನಾನಾಗ ನಾಲ್ಕನೇ ಕ್ಲಾಸು. ಆಗೆಲ್ಲ ಗವಿಪುರದಲ್ಲಿ ಒಂದು ಕೋಳಿ ಹಿಡಿಯಬೇಕೆಂದರೆ ಅರ್ಧ ಬೀದಿ ಓಡಬೇಕಾಗಿತ್ತು. ಅಜ್ಜಿಯ ನಾಟಿ ಕೋಳಿಗಳು ಬಂಡೆ ಹತ್ತಿ, ಬೇಲಿ ಹಾರಿ, ಪಕ್ಕದ ಮನೆಯ ಆಚಾರ್ರ ತುಳಸಿಕಟ್ಟೆ ಕೆದಕಿ ಬರುತ್ತಿದ್ದವು. ಆಚಾರ್ರು ಕೂಗಾಡುವುದು, ಅಜ್ಜಿ ಸೆರಗು ಸಿಕ್ಕಿಸಿಕೊಂಡು ಓಡುವುದು, ನಾವು ಮಕ್ಕಳು ಹೋ ಎಂದು ಹಿಂದೆ ಬೀಳುವುದು, ಇದೇ ನಮ್ಮ ಸಂಜೆಯ ಆಟ.

ಆ ವರ್ಷ ಮಳೆಗಾಲದ ಮೊದಲಲ್ಲಿ ಚಿಕ್ಕಪ್ಪ ಒಂದು ಬುಟ್ಟಿ ಸೀಮೆಕೋಳಿ, ಅಂದರೆ ಈಗಿನ ಫಾರಂ ಕೋಳಿಯ ಮರಿಗಳನ್ನು ತಂದ. ಮಾಂಸಕ್ಕೆಂದೇ ಸಾಕಿ ಮಿಲ್ಟ್ರಿ ಹೋಟೆಲುಗಳಿಗೆ ಕೊಡುವುದು ಅವನ ಆಸೆ. ಆಚಾರ್ರ ಜೊತೆ ಮತ್ತೆ ಜಗಳ ಬೇಡವೆಂದು ಹಿತ್ತಲ ಕೊಟ್ಟಿಗೆಯಲ್ಲಿ ಭತ್ತದ ಹೊಟ್ಟು ಹರಡಿ ಎಲ್ಲವನ್ನೂ ಒಳಗೆ ಕೂಡಿದ. ಯಾರಿಗೂ ಕಾಣದ ಹಾಗೆ ಕಿಟಕಿಗೆ ಗೋಣಿತಾಟು ಹೊಡೆದ. ತೌಡು, ಕಡಲೆಕಾಯಿ ಹಿಂಡಿ ಸದಾ ಮುಂದೆಯೇ ಇರುತ್ತಿತ್ತು. ಒಳಗೆ ಹೋದರೆ ಹಿಕ್ಕೆಯ ಘಾಟಿಗೆ ಕಣ್ಣು ಉರಿಯುತ್ತಿತ್ತು.

"ಬಿಸಿಲಿಗೆ ಬಿಡು ಕಣ್ಲಾ. ಕೋಳಿ ಅಂದ್ಮೇಲೆ ಕೆದಕ್ಬೇಕು," ಎಂದಳು ಅಜ್ಜಿ.

"ಸುಮ್ನಿರವ್ವ. ಓಡಾಡಿದ್ರೆ ಮೈ ಕರಗೋಗುತ್ತೆ," ಎಂದ ಚಿಕ್ಕಪ್ಪ.

ಮೈಯೇನೋ ಬೇಗ ಬೇಗ ಬಂತು. ಕಾಲಿಗೆ ಬಲ ಬರಲಿಲ್ಲ. ಹೆಚ್ಚಿನವು ಕುಂಟುತ್ತಲೇ ಹೋಟೆಲಿಗೆ ಹೋದವು. ಒಂದು ಬಿಳಿ ಹುಂಜವನ್ನು ಮಾತ್ರ ಹೋಟೆಲಿನವನು ರೋಗದ ಕೋಳಿ ಎಂದು ಬಿಟ್ಟುಹೋದ. ಅದು ಕೂತಲ್ಲೇ ಕೂತು ಎದೆಯ ಪುಕ್ಕ ಉದುರಿ ಹುಣ್ಣಾಗಿತ್ತು. ಮೇವಿನ ಹತ್ತಿರ ಹೋಗಲು ರೆಕ್ಕೆ ಊರಿ ತೆವಳುತ್ತಿತ್ತು. ನಾನು ಅಜ್ಜಿಯ ಸೆರಗು ಹಿಡಿದೆ.

"ಅಜ್ಜಿ, ಇದನ್ನ ಕುಯ್ಬೇಡ. ನಂಗ್ ಕೊಡು."

"ಪಿತೃಪಕ್ಷದ ಅಮಾಸೆ ಒಳಗೆ ಎದ್ದು ನಡೀಲಿ, ನಮ್ ಕೋಳಿಗಳ ಜೊತೆ ಬಿಟ್ಬಿಡ್ತೀನಿ. ಏಳ್ದಿದ್ರೆ ಕುಯ್ಯೋದೇ, ಅದಕ್ಕೆ ಹಿಂಸೆ ಕೊಡ್ಬಾರ್ದು ಕಣವ್ವ."

ಅಮಾವಾಸ್ಯೆಗೆ ಮೂರು ವಾರವಿತ್ತು. ಸ್ಕೂಲಿಂದ ಬಂದವಳೇ ಅದನ್ನು ಎತ್ತಿಕೊಂಡು ಬಿಸಿಲಿಗೆ ಹೋಗುತ್ತಿದ್ದೆ. ಕಾಲಿಗೆ ಹರಳೆಣ್ಣೆ ನೀವುತ್ತಿದ್ದೆ. ತೆವಳುವ ಕಷ್ಟವಾದರೂ ತಪ್ಪಲಿ, ಶಕ್ತಿಯೂ ಬರಲಿ ಎಂದು ಹಿಂಡಿಯ ಉಂಡೆ ಕಟ್ಟಿ ಬಾಯಿಗೇ ಇಡುತ್ತಿದ್ದೆ. ನಾನು ಮಾಡಿದ ತಪ್ಪು ಅದೇ. ಆ ಕಾಲುಗಳು ಹೊರಬೇಕಾದ ಭಾರವನ್ನು ದಿನದಿನವೂ ನಾನೇ ಏರಿಸುತ್ತಿದ್ದೆ. ಬೇಡ ಎಂದು ಯಾರೂ ಹೇಳಲಿಲ್ಲ, ಯಾರಿಗೂ ಗೊತ್ತಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಅಂಗಳದಲ್ಲಿಳಿಸಿ, "ಏಳೋ, ಎದ್ದೇಳೋ," ಎಂದು ಗೋಗರೆದೆ. ಎದ್ದಿತು! ಎರಡು ಹೆಜ್ಜೆ ಇಟ್ಟಿತು. ಮೂರನೆಯದಕ್ಕೆ ಕಾಲು ಹೊರಕ್ಕೆ ತಿರುಚಿಕೊಂಡು ಮಗುಚಿ ಬಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಅಜ್ಜಿ ಅದನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಅಂಗಳದಲ್ಲೇ ಕೂತು ಅತ್ತೆ.

ಊನವಿದ್ದದ್ದನ್ನು ಹಿರಿಯರ ಎಡೆಗೆ ಇಡುವಂತಿಲ್ಲ. ಅವರಿಗೆ ನಾಟಿ ಕೋಳಿ, ನಮಗೆ ಮಕ್ಕಳಿಗೆ ಆ ಹುಂಜದ ಸಾರು. ಕಾಲು ಚಿಕ್ಕವರಿಗೆ ಎಂಬುದು ಮನೆಯ ವಾಡಿಕೆ, ಹಾಗಾಗಿ ನನ್ನ ಎಲೆಗೇ ಬಿತ್ತು. ಹುರಿದ ಮಸಾಲೆಯ ಘಮ, ಹಬೆಯಾಡುವ ಮುದ್ದೆ, ಹಸಿವು ಬೇರೆ. ತಿಂದೆ. ಹೇಳಿಕೊಳ್ಳಲು ಈಗಲೂ ನಾಚಿಕೆ. ಬಿಸಿಲು ಕಾಣದೆ ಬೆಳೆದ ಮೂಳೆ, ಮುರಿಯಹೋದರೆ ಮುರಿಯಲಿಲ್ಲ, ಹಸಿ ಕಡ್ಡಿಯ ಹಾಗೆ ಬಾಗಿತು.

ಮೊನ್ನೆ ಕೋಳಿ ಅಂಗಡಿಯ ಪಂಜರದ ಮುಂದೆ ನಿಂತಿದ್ದೆ. ಬಿಳಿಯವು, ದಪ್ಪದವು, ಒಂದಕ್ಕೊಂದು ಒತ್ತಿಕೊಂಡು ಎಲ್ಲವೂ ಕೂತಿದ್ದವು.

"ಇವು ನಡೆಯುತ್ವೇನಪ್ಪಾ?" ಎಂದು ಕೇಳಿದೆ.

"ನಡ್ದು ಎಲ್ಲಿಗ್ ಹೋಗ್ಬೇಕಮ್ಮ?" ಎಂದ ಅಂಗಡಿಯವನು.

ಅಂದು ಒಂದು ಏಳಲಿಲ್ಲವೆಂದು ಅಳುವುದಕ್ಕೆ ನಾನಿದ್ದೆ. ಈಗ ಯಾವುದೂ ಏಳುವುದಿಲ್ಲ, ಅಳುವವರೂ ಇಲ್ಲ. ನಾನೂ ಅರ್ಧ ಕೆಜಿ ಕಟ್ಟಿಸಿಕೊಂಡು ಮನೆಗೆ ಬಂದೆ.