ಮುರುಗೇಶಪ್ಪನವರ ಅನುಮಾನವೂ ಸಿಂಗಪುರದ ಒಂದು ವಾರವೂ

ವಿನೋಬನಗರದಲ್ಲಿ ನಮ್ಮ ಎದುರು ಮನೆ ಮುರುಗೇಶಪ್ಪನವರದು. ಭದ್ರಾವತಿಯಲ್ಲಿ ಕಬ್ಬಿಣದ ಕೆಲಸದಲ್ಲಿ ಇಡೀ ಆಯುಷ್ಯ ಕ್ರೇನ್ ಓಡಿಸಿ, ನಿವೃತ್ತಿಯಾದ ಮೇಲೆ ಶಿವಮೊಗ್ಗಕ್ಕೆ ಬಂದು ಮನೆ ಕಟ್ಟಿಸಿಕೊಂಡವರು. ಹಾಲಿನವನು ಬಂದರೆ ಉಗುರಿನ ಮೇಲೆ ಒಂದು ಹನಿ ಹಾಲು ಇಟ್ಟುಕೊಂಡು, ಅದು ಜಾರುತ್ತದೋ ನಿಲ್ಲುತ್ತದೋ ಎಂದು ನೋಡಿದ ಮೇಲೆಯೇ ಪಾತ್ರೆ ಮುಂದೆ ಹಿಡಿಯುವರು. ಗ್ಯಾಸ್ ಸಿಲಿಂಡರಿನ ಸೀಲನ್ನು ಕನ್ನಡಕ ಹಾಕಿಕೊಂಡು ಪರೀಕ್ಷಿಸುವರು. ಬಸ್ಸಿನಲ್ಲಿ ಪಕ್ಕದವನು ಗಂಟೆ ಎಷ್ಟೆಂದು ಕೇಳಿದರೆ ಮೊದಲು ಜೇಬು ಮುಟ್ಟಿಕೊಂಡು ಆಮೇಲೆ ವಾಚು ನೋಡುವರು.

ಇದಕ್ಕೆ ಅವರದೇ ಒಂದು ಕಾರಣವಿತ್ತು. ವಯಸ್ಸಿನಲ್ಲಿದ್ದಾಗ ಒಂದು ದಿನ, ಕರಗಿದ ಕಬ್ಬಿಣ ತುಂಬಿದ ದೊಡ್ಡ ಕೊಪ್ಪರಿಗೆಯನ್ನು ಎತ್ತಬೇಕಾಗಿತ್ತಂತೆ. ಕೊಕ್ಕೆ ನೋಡಿ ಆಗಿದೆ, ಎತ್ತು ಎಂದು ಕೆಳಗಿನಿಂದ ಕೈ ಬೀಸಿದರು. ಇವರು ಎತ್ತಲಿಲ್ಲ. ಮೇಲಧಿಕಾರಿಗಳು ಬೈದರು. ಬೈಸಿಕೊಂಡೇ ಇಳಿದು ಬಂದು ನೋಡಿದರೆ ಕೊಕ್ಕೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. "ಅವತ್ತು ನಾನು ನಂಬಿದ್ರೆ ಕೆಳಗಿದ್ದ ಅಷ್ಟೂ ಜನ ಬೂದಿ ಆಗ್ತಿದ್ರು ಮಾರಾಯ್ರೆ" ಎನ್ನುವರು. ಅಲ್ಲಿಂದ ಮುಂದೆ ಅನುಮಾನ ಪಡುವುದು ಅವರ ಪಾಲಿಗೆ ದುರ್ಗುಣವಾಗಿ ಉಳಿಯಲಿಲ್ಲ, ಒಂದು ಜವಾಬ್ದಾರಿಯೇ ಆಯಿತು.

ಅವರ ಹೆಂಡತಿ ಶಂಕರಮ್ಮ ಈ ಜವಾಬ್ದಾರಿಯ ಜೊತೆ ಮೂವತ್ತು ವರ್ಷದ ಮೇಲೆ ಸಂಸಾರ ಮಾಡಿದ್ದರು. ಕಡಿಮೆ ಮಾತಿನ ಹೆಂಗಸು. ಬಡಾವಣೆಯ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದರು. ಈಗ ನಾನು ಹೇಳುತ್ತಿರುವುದರಲ್ಲಿ ಅರ್ಧ ಮುರುಗೇಶಪ್ಪನವರು ನನಗೆ ಹೇಳಿದ್ದು, ಇನ್ನರ್ಧ ಶಂಕರಮ್ಮ ನನ್ನ ಹೆಂಡತಿ ವಿಮಲಾಗೆ ಹೇಳಿದ್ದು.

ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆ. ಶಂಕರಮ್ಮ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ "ಅಕ್ಕನ ಬಳಗಕ್ಕೆ ಹೋಗಿ ಬರ್ತೀನಿ" ಎಂದು ಹೊರಡಲು ಶುರು ಮಾಡಿದರು. ಕೆಲವು ವಾರ ಮುರುಗೇಶಪ್ಪನವರು ಸುಮ್ಮನಿದ್ದರು. ಒಂದು ದಿನ ನಮ್ಮ ಗೇಟಿನ ಹತ್ತಿರ ನಿಂತು ವಿಮಲಾಳನ್ನು ಕೇಳಿದರು, "ಏನಮ್ಮ, ಈ ಭಾನುವಾರ ಬಳಗದಲ್ಲಿ ಯಾವ ವಚನ ಹೇಳಿದ್ರಿ?"

"ನಮ್ಮ ಬಳಗ ಸೇರೋದು ಶುಕ್ರವಾರ ಅಲ್ವಾ?" ಎಂದಳು ವಿಮಲಾ. ಆಡಿದ ಮೇಲೆ ತುಟಿ ಕಚ್ಚಿಕೊಂಡಳು. ಮುರುಗೇಶಪ್ಪನವರು ಗೇಟು ಬಿಟ್ಟು ತಮ್ಮ ಮನೆಗೆ ಹೋದರು.

ಮುಂದಿನ ಭಾನುವಾರ ಶಂಕರಮ್ಮ ಭದ್ರಾವತಿ ಬಸ್ಸು ಹತ್ತಿದರು. ಅದರ ಹಿಂದೆ, ಒಂದು ಲಾರಿಯಷ್ಟು ಅಂತರ ಬಿಟ್ಟು, ಮುರುಗೇಶಪ್ಪನವರ ಟಿವಿಎಸ್. ಮಲವಗೊಪ್ಪದಲ್ಲಿ ಶಂಕರಮ್ಮ ಇಳಿದರು. ಕೈಯಲ್ಲಿ ಒಂದು ಡಬ್ಬಿ, ಮೈಮೇಲೆ ಹಬ್ಬಕ್ಕೆ ಉಡುವ ಸೀರೆ. ಯಾರನ್ನೂ ದಾರಿ ಕೇಳದೆ ಒಳರಸ್ತೆ ಹಿಡಿದು ಒಂದು ಹಂಚಿನ ಮನೆಯ ಮುಂದೆ ನಿಂತರು. ಬನಿಯನ್ ತೊಟ್ಟ, ಹಣೆಗೆ ವಿಭೂತಿ ಇಟ್ಟ ಗಂಡಸೊಬ್ಬ ನಗುತ್ತಾ ಬಾಗಿಲು ತೆಗೆದ. ಶಂಕರಮ್ಮನೂ ನಕ್ಕರು. ಬಾಗಿಲು ಮುಚ್ಚಿತು.

ಮುರುಗೇಶಪ್ಪನವರು ಟೀ ಅಂಗಡಿಯ ಮರೆಯಲ್ಲಿ ನಿಂತು ಇದೆಲ್ಲ ನೋಡಿದರು. "ಅಷ್ಟು ವರ್ಷ ಬೆಂಕಿಯ ಮೇಲೆ ಕೂತು ಕೆಲಸ ಮಾಡಿದೀನಿ, ಅಂಥ ಹೆದರಿಕೆ ಆಗಿರಲಿಲ್ಲ" ಎಂದು ನನ್ನ ಹತ್ತಿರ ಹೇಳಿದ್ದರು. ಒಂದು ಟೀ ಕುಡಿದರು. ಇನ್ನೊಂದು ಕುಡಿದರು. ಆಮೇಲೆ ಹೋಗಿ ಬಾಗಿಲು ತಳ್ಳಿಯೇಬಿಟ್ಟರು.

ಒಳಗೆ ನಡುಮನೆಯಲ್ಲಿ ಶಂಕರಮ್ಮ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. ಅದೂ ತಮಿಳಿನಲ್ಲಿ, ತಡವರಿಸದೆ, ಕೈ ಆಡಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾ. ಬಾಗಿಲು ತೆಗೆದಿದ್ದ ಗಂಡಸು ಕೆಳಗೆ ಚಾಪೆಯ ಮೇಲೆ ಕೂತು ಬೀಡಿ ಎಲೆಯ ಕಸ ಗುಡಿಸುತ್ತಿದ್ದ. ಅವನ ಹೆಂಡತಿ ಡಬ್ಬಿಯಲ್ಲಿ ಬಂದಿದ್ದ ಕರ್ಜಿಕಾಯಿಯನ್ನು ತಟ್ಟೆಗೆ ಹಾಕುತ್ತಿದ್ದಳು.

"ವಾಂಗ ಸಾರ್, ಕೂತ್ಕೊಳ್ಳಿ" ಎಂದ ಆತ ಎದ್ದು ನಿಂತು. "ನಾನು ಷಣ್ಮುಗಂ. ಫೌಂಡ್ರಿಲಿ ಅಚ್ಚು ಕೆಲಸ ಮಾಡ್ತಿದ್ದೆ. ನಿಮ್ಮ ಮನೆಯೋರು ನನ್ನ ತಂಗಿ ಇದ್ದಂಗೆ."

ಮುರುಗೇಶಪ್ಪನವರು ಅವನ ಕಡೆ ನೋಡಲಿಲ್ಲ. "ನಿನಗೆ ತಮಿಳು ಯಾವಾಗ ಬಂತು?" ಎಂದು ಹೆಂಡತಿಯನ್ನು ಕೇಳಿದರು.

ಶಂಕರಮ್ಮ ಫೋನಿನ ಬಾಯಿಗೆ ಸೆರಗು ಅಡ್ಡ ಹಿಡಿದರು. "ಮೊದಲಿಂದಲೂ ಬರುತ್ತೆ. ನೀವು ಕೇಳಿರಲಿಲ್ಲ."

ವಿಷಯ ಇಷ್ಟೇ. ಶಂಕರಮ್ಮ ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಮಿಕರ ಕ್ವಾರ್ಟರ್ಸಿನಲ್ಲಿ. ಗೋಡೆಯ ಆಚೆ ಷಣ್ಮುಗಂ ಮನೆಯವರು. ಅವನ ತಂಗಿ ಕಸ್ತೂರಿಯೂ ಇವರೂ ಒಂದೇ ಬೆಂಚಿನಲ್ಲಿ ಓದಿ, ಒಂದೇ ನಲ್ಲಿಯಲ್ಲಿ ನೀರು ಹಿಡಿದು ದೊಡ್ಡವರಾದವರು. ಕಸ್ತೂರಿ ಸಿಂಗಪುರದ ಬಂದರಿನಲ್ಲಿ ವೆಲ್ಡರ್ ಆಗಿದ್ದವನನ್ನು ಮದುವೆಯಾಗಿ ಹೋದಳು. ಇವರು ಮುರುಗೇಶಪ್ಪನವರ ಮನೆ ಸೇರಿದರು. ಅತ್ತೆಗೆ ತಮಿಳು ಕಿವಿಗೆ ಬಿದ್ದರೆ ಆಗುತ್ತಿರಲಿಲ್ಲ, ಹಾಗಾಗಿ ಆ ಭಾಷೆ ಒಳಗೇ ಉಳಿಯಿತು. ಆ ವರ್ಷ ಸಂಕ್ರಾಂತಿಯ ಸಂತೆಯಲ್ಲಿ ಷಣ್ಮುಗಂ ಸಿಕ್ಕಿ, ಭಾನುವಾರ ಮಧ್ಯಾಹ್ನ ಕಸ್ತೂರಿ ಅಣ್ಣನಿಗೆ ಫೋನ್ ಮಾಡುತ್ತಾಳೆ ಎಂದು ತಿಳಿಸಿದ್ದ. ಗಂಡ ಸತ್ತು, ಮಕ್ಕಳೂ ಬೇರೆಯಾಗಿ, ಅವಳು ಹನ್ನೊಂದನೇ ಮಹಡಿಯ ಮನೆಯಲ್ಲಿ ಒಬ್ಬಳೇ ಇದ್ದಳು. ಶಾಲೆಯೊಂದರ ಕ್ಯಾಂಟೀನಿನಲ್ಲಿ ಕೆಲಸ.

ಆ ಸಂಜೆ ಮನೆಗೆ ಬಂದ ಮೇಲೆ ಶಂಕರಮ್ಮ ಉಳಿದದ್ದನ್ನೂ ಹೇಳಿಬಿಟ್ಟರು. "ಡಿಸೆಂಬರಲ್ಲಿ ಅವಳಿಗೆ ರಜ. ಒಂದು ವಾರ ಸಿಂಗಪುರಕ್ಕೆ ಹೋಗಿ ಅವಳ ಜೊತೆ ಇದ್ದು ಬರೋಣ. ನನ್ನ ಹೊಲಿಗೆ ದುಡ್ಡಲ್ಲೇ ಆಗುತ್ತೆ. ಎಲ್ಲ ಗೊತ್ತು ಮಾಡಿಕೊಂಡು ಆಮೇಲೆ ನಿಮಗೆ ಹೇಳೋಣ ಅಂತಿದ್ದೆ. ಮೊದಲೇ ಹೇಳಿದ್ರೆ ಬೇಡ ಅಂತಿದ್ರಿ."

ಮುರುಗೇಶಪ್ಪನವರು ಬೇಡ ಎನ್ನಲಿಲ್ಲ. ಹಿಂಬಾಲಿಸಿ ಹೋಗಿದ್ದಕ್ಕೆ ಒಳಗೇ ನಾಚಿಕೆಯಾಗಿತ್ತೋ ಏನೋ. ಆದರೆ ಅಂದಿನಿಂದ ಅವರ ಅನುಮಾನ ಹೆಂಡತಿಯನ್ನು ಬಿಟ್ಟು ಸಿಂಗಪುರದ ಕಡೆ ತಿರುಗಿತು.

ಗೆಳತಿಯರು ಫೋನಿನಲ್ಲಿ ವಾರವನ್ನು ಜೋಡಿಸುತ್ತಾ ಹೋದರು. ಮೊದಲ ದಿನ ಎಲ್ಲೂ ಹೋಗುವುದಿಲ್ಲ, ಮಾತಾಡುವುದಷ್ಟೇ. ಆಮೇಲೆ ಸೆರಂಗೂನ್ ರಸ್ತೆಯ ಅಂಗಡಿಗಳು, ದೇವಸ್ಥಾನ. ನೆಲದಡಿ ಓಡುವ ರೈಲು. ಹಕ್ಕಿಗಳ ತೋಟ. ಶಂಕರಮ್ಮ ಒಂದೊಂದನ್ನೇ ತಂದು ಹೇಳುವರು, ಮುರುಗೇಶಪ್ಪನವರು ಒಂದೊಂದಕ್ಕೂ ಪ್ರಶ್ನೆ ಹಾಕುವರು. ನೆಲದಡಿಯ ರೈಲಿಗೆ ಕರೆಂಟು ಹೋದರೆ ಏನು ಗತಿ? ಲಿಫ್ಟಿನ ಹಗ್ಗವನ್ನು ಯಾರು ನೋಡುತ್ತಾರೆ? ಮಾಂಸ ಬೇಯಿಸಿದ ಪಾತ್ರೆಯಲ್ಲೇ ನಮಗೂ ಬೇಯಿಸಿದರೆ ಗೊತ್ತಾಗುವುದು ಹೇಗೆ? ಹುಲಿ ನೋಡುವುದಕ್ಕೂ ಕರೆದುಕೊಂಡು ಹೋಗುತ್ತಾಳಂತೆ ಎಂದಾಗ, "ಹುಲಿ ನೋಡೋಕೆ ವಿಮಾನ ಹತ್ತಬೇಕಾ? ಇಲ್ಲೇ ತ್ಯಾವರೆಕೊಪ್ಪದ ಸಫಾರೀಲಿ ಇಲ್ವಾ?" ಎಂದರು.

ಇವೆಲ್ಲ ಮೇಲಿನ ಮಾತು. ಒಳಗೆ ಕೊರೆಯುತ್ತಿದ್ದುದು ಬೇರೆ. ಅದನ್ನು ನನ್ನ ಹತ್ತಿರ ತೆಗೆದರು. "ಮೂವತ್ತು ವರ್ಷ ಕಣ್ಣಿಗೆ ಕಾಣದೆ ಇದ್ದೋಳು ಈಗ ಬನ್ನಿ, ವಾರ ಇರಿ, ಊಟ ಹಾಕ್ತೀನಿ ಅಂದ್ರೆ ಏನರ್ಥ? ಬರುವಾಗ ಏನಾದ್ರೂ ಕೈಗೆ ಕೊಟ್ಟು ಕಳಿಸ್ತಾಳೆ ನೋಡ್ತಿರಿ. ಚಿನ್ನ. ಏರ್‌ಪೋರ್ಟಲ್ಲಿ ಸಿಕ್ಕಿಬೀಳೋರು ನಾವು."

"ಸ್ನೇಹ ಇರಬಾರದಾ?" ಎಂದೆ.

"ಇರಬಹುದು. ಇಲ್ಲದೇನೂ ಇರಬಹುದು."

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಮೇಲೆ ಪೊಲೀಸರೊಬ್ಬರು ವಿಚಾರಣೆಗೆ ಬಂದರು. ಅಕ್ಕಪಕ್ಕದ ಇಬ್ಬರು ಸಹಿ ಹಾಕಬೇಕಿತ್ತು. ನಾನು ಹಾಕಿದೆ. ಇನ್ನೊಂದಕ್ಕೆ ಉಳಿದವರು ಅವರ ಪಕ್ಕದ ಮನೆಯ ಧರ್ಮಪ್ಪ. ಆತ ಮೋಟರ್ ಹಾಕಿ ನಗರಸಭೆಯ ಪೈಪಿನಿಂದ ನೀರೆಳೆಯುತ್ತಾನೆ ಎಂದು ಮುರುಗೇಶಪ್ಪನವರು ರಸ್ತೆಯಲ್ಲಿ ನಿಂತು ಜಗಳವಾಡಿ ಎರಡು ಮನೆಗೂ ಮಾತು ಬಿಟ್ಟುಹೋಗಿತ್ತು. ಪೊಲೀಸರೇ ಧರ್ಮಪ್ಪನ ಬಾಗಿಲು ತಟ್ಟಿದರು. ಮುರುಗೇಶಪ್ಪನವರು ತಮ್ಮ ಮನೆಯ ಕಿಟಕಿಯ ಪಕ್ಕ ಕಿವಿಗೊಟ್ಟು ನಿಂತರು.

"ಇವರು ಹೇಗೆ? ಏನಾದ್ರೂ ತಕರಾರು?" ಎಂದು ಪೊಲೀಸರು ಕೇಳಿದರು.

"ಅನುಮಾನದ ಪ್ರಾಣಿ ಸಾರ್" ಎಂದರು ಧರ್ಮಪ್ಪ. "ಆದರೆ ಬೇರೆಯೋರ ಮನೆ ಹುಲ್ಲುಕಡ್ಡಿ ಮುಟ್ಟೋ ಮನುಷ್ಯ ಅಲ್ಲ. ಕೊಡಿ ಎಲ್ಲಿ ಸಹಿ."

ಇಂಥದ್ದು ಕೇಳಿದ ಮೇಲೆ ಬೇರೆಯವರಾದರೆ ಹೋಗಿ ಕೈ ಹಿಡಿದುಕೊಳ್ಳುತ್ತಿದ್ದರು. ಮುರುಗೇಶಪ್ಪನವರು ಸಂಜೆ ನನ್ನನ್ನು ಮೆಲ್ಲಗೆ ಕೇಳಿದರು, "ಅವನು ಯಾಕೆ ಸಹಿ ಹಾಕಿದ? ಅವನಿಗೆ ನನ್ನಿಂದ ಏನು ಆಗಬೇಕು?"

ನವೆಂಬರ್ ಹೊತ್ತಿಗೆ ಪಾಸ್‌ಪೋರ್ಟು, ವೀಸಾ, ಟಿಕೆಟ್ಟು ಎಲ್ಲ ಆಯಿತು. ಚೆನ್ನೈಯಿಂದ ವಿಮಾನ. ಅಲ್ಲಿಯವರೆಗೆ ದಾರಿ ತೋರಿಸಲು ಷಣ್ಮುಗಂ ಬರುವುದೆಂದು ಮಾತಾಗಿತ್ತು. ಹೊರಡುವುದಕ್ಕೆ ಕೆಲವೇ ದಿನ ಇದ್ದಾಗ ಅವನು ಒಂದು ಗಂಟು ತಂದುಕೊಟ್ಟ. ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಲೂ ದಬ್ಬಳದಲ್ಲಿ ಹೊಲಿದಿತ್ತು. "ಕಸ್ತೂರಿಗೆ ಕೊಡಿ ತಂಗಚ್ಚಿ. ಅವಳಿಗೇನೂ ಹೇಳಬೇಡಿ, ಬಿಚ್ಚಿ ನೋಡ್ಲಿ" ಎಂದು ಹೋದ.

ಮುರುಗೇಶಪ್ಪನವರು ಗಂಟನ್ನು ಎತ್ತಿ ನೋಡಿದರು. ಗಾತ್ರಕ್ಕೆ ಮೀರಿದ ಭಾರ. ತಟ್ಟಿದರು, ಲೋಹದ ಸದ್ದು. ಬರುವಾಗ ಅಲ್ಲ, ಹೋಗುವಾಗಲೇ ಸಿಕ್ಕಿಸುತ್ತಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು. ಮರುದಿನ ಶಂಕರಮ್ಮ ರವಿಕೆ ಕೊಡಲು ಹೋದಾಗ ಬ್ಲೇಡು ಹಿಡಿದು ಹೊಲಿಗೆ ಬಿಚ್ಚಿದರು.

ಒಳಗಿದ್ದದ್ದು ಪಡ್ಡಿನ ಕಾವಲಿ. ಎರಕದ ಕಬ್ಬಿಣದ್ದು, ಹಳೆಯದು, ಎಣ್ಣೆ ಕುಡಿದು ಕಪ್ಪಗೆ ಮಿರುಗುವಂಥದ್ದು. ಕುಳಿಗಳ ಹಿಂಭಾಗದಲ್ಲಿ ಅಚ್ಚಿನಲ್ಲೇ ತಮಿಳಿನ ಎರಡು ಅಕ್ಷರ. ಷಣ್ಮುಗಂ, ಕಸ್ತೂರಿಯರ ಅಪ್ಪ ಹೆಂಡತಿಗಾಗಿ ತಾನೇ ಅಚ್ಚು ಮಾಡಿ ಎರೆದದ್ದಂತೆ. ಮುರುಗೇಶಪ್ಪನವರಿಗೆ ಒಳ್ಳೆಯ ಎರಕ ನೋಡಿದರೆ ಗೊತ್ತಾಗುತ್ತದೆ. ಅಷ್ಟಾದರೂ ಅವರ ತಲೆಗೆ ಮೊದಲು ಬಂದ ಯೋಚನೆ, ಈ ಕಬ್ಬಿಣ ಎಲ್ಲಿಂದ ಕದ್ದು ತಂದದ್ದು ಎಂಬುದು.

ಅಷ್ಟರಲ್ಲಿ ಶಂಕರಮ್ಮ ಬಂದರು. ನೆಲದ ಮೇಲೆ ಬಟ್ಟೆ, ದಾರದ ಚೂರು, ನಡುವೆ ಕಾವಲಿ, ಗಂಡನ ಕೈಯಲ್ಲಿ ಬ್ಲೇಡು. ಅವರು ಸೂಜಿ ದಾರ ತಂದು ಅಲ್ಲೇ ಕೂತು ಮೊದಲಿದ್ದ ತೂತುಗಳಲ್ಲೇ ಸೂಜಿ ತೂರಿಸಿ ಮತ್ತೆ ಹೊಲಿದರು. ಮುಗಿಯುವವರೆಗೆ ಮುರುಗೇಶಪ್ಪನವರು ಎದ್ದು ಹೋಗಲೂ ಆಗದೆ ಕೂತೇ ಇದ್ದರು. ದಾರವನ್ನು ಹಲ್ಲಿನಲ್ಲಿ ಕಡಿದು ಶಂಕರಮ್ಮ ಹೇಳಿದರು, "ನೀವು ಬರಬೇಡಿ."

"ಏನು?"

"ಒಂದು ವಾರ ಅವಳ ಮನೇಲಿ ಉಂಡು ಮಲಗಬೇಕು ನಾವು. ಅವಳು ಹಾಕಿದ ಅನ್ನ ನೀವು ಮೂಸಿ ನೋಡ್ತೀರಿ. ಅವಳು ಕಾಣದೇ ಇರುವಾಗ ಅವಳ ಪೆಟ್ಟಿಗೆ ನೋಡ್ತೀರಿ. ನನ್ನ ಕೈಲಿ ಅದನ್ನ ಕಾಯೋಕೆ ಆಗಲ್ಲ. ನಾನೊಬ್ಬಳೇ ಹೋಗ್ತೀನಿ."

ಆಕೆ ಗಂಡನಿಗೆ ಎದುರಾಡಿದ್ದು ಅದೇ ಮೊದಲು. ಮುರುಗೇಶಪ್ಪನವರು ಒಂದೆರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಅದೂ ನಡೆಯಲಿಲ್ಲ. ಅವರ ಟಿಕೆಟ್ಟು ರದ್ದಾಯಿತು. ಬಸ್ ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸು ಹತ್ತಿಸುವಾಗ ಷಣ್ಮುಗಂನನ್ನು ಪಕ್ಕಕ್ಕೆ ಕರೆದು, "ವಿಮಾನ ಏಳೋವರೆಗೂ ಅಲ್ಲೇ ಇರಿ" ಎಂದರು. ಅವನು ಹೂಂ ಎಂದ. ಇರುತ್ತಾನೋ ಇಲ್ಲವೋ ಎಂದು ಮನೆಯವರೆಗೂ ನನಗೆ ಹೇಳುತ್ತಲೇ ಬಂದರು.

ಬಿಲ್ಲಿನಲ್ಲಿ ಮೋಸ ಮಾಡುತ್ತಾರೆ ಎಂದು ಅವರು ಫೋನು ಹಾಕಿಸಿಕೊಂಡಿರಲಿಲ್ಲ. ನಮ್ಮದು ಆ ವಾರ ಕೆಟ್ಟಿತ್ತು. ಶಂಕರಮ್ಮ ಹೊರಡುವ ಮುಂಚೆ, ಗಂಡನಿಗೆ ಹೇಳದೆ, ಧರ್ಮಪ್ಪನ ಮನೆಯ ನಂಬರು ತೆಗೆದುಕೊಂಡಿದ್ದರು. ಹೋದ ಮರುದಿನ ಸಂಜೆ ಧರ್ಮಪ್ಪ ಕಾಂಪೌಂಡಿನ ಆಚೆಯಿಂದ ಕೂಗಿದರು, "ಮುರುಗೇಶಪ್ಪನೋರೆ, ಸಿಂಗಪುರ."

ಮುರುಗೇಶಪ್ಪನವರು ಚಪ್ಪಲಿಯೂ ಇಲ್ಲದೆ ಓಡಿದರು.

"ತಲುಪಿದ್ಯಾ?"

"ಹೂಂ. ಕಸ್ತೂರಿ ಬಂದಿದ್ಲು ಏರ್‌ಪೋರ್ಟಿಗೆ."

"ಗಂಟು ತೆಗೆಸಿದ್ರಾ?"

"ತೆಗೆಸಿದ್ರು. ನೋಡಿ ನಕ್ಕು ಕಳಿಸಿದ್ರು." ಆಮೇಲೆ "ಅನ್ನ ಮಾಡ್ಕೊಂಡ್ರಾ?" ಎಂದು ಕೇಳಿ ಶಂಕರಮ್ಮ ಫೋನಿಟ್ಟರು.

ಧರ್ಮಪ್ಪನ ಹೆಂಡತಿ ಕಾಫಿ ತಂದರು. ಮುರುಗೇಶಪ್ಪನವರು ಲೋಟವನ್ನು ಒಂದು ಕ್ಷಣ ನೋಡಿ ಕುಡಿದರು. ಹೊರಗೆ ಬರುವಾಗ ಕಣ್ಣು ತಾನಾಗಿ ಹಿತ್ತಲ ಪೈಪಿನ ಮೇಲೆ ಬಿತ್ತು. ಅದು ನಗರಸಭೆಯ ನಲ್ಲಿಗೆ ಸೇರಿರಲಿಲ್ಲ, ಧರ್ಮಪ್ಪ ಕೊರೆಸಿಕೊಂಡಿದ್ದ ಬೋರ್‌ವೆಲ್ಲಿಗೆ ಸೇರಿತ್ತು. ಇದನ್ನು ಅವರು ಯಾರಿಗೂ ಹೇಳಲಿಲ್ಲ. ನನಗೆ ಹೇಳಿದ್ದು ಎಷ್ಟೋ ಕಾಲದ ನಂತರ.

ವಾರ ಕಳೆದು ಶಂಕರಮ್ಮ ಬಂದರು. ಮುಖ ಸ್ವಲ್ಪ ಕಪ್ಪಾಗಿತ್ತು, ಕಾಲಲ್ಲಿ ಹೊಸ ಚಪ್ಪಲಿ. ಹೇಗಿತ್ತು ಎಂದು ಗಂಡ ಕೇಳಿದರೆ ಚೆನ್ನಾಗಿತ್ತು ಎಂದರು, ಅಷ್ಟೇ. ವಿಮಲಾಳ ಹತ್ತಿರ ಗಂಟೆಗಟ್ಟಲೆ ವರ್ಣಿಸಿದವರು ಮನೆಯಲ್ಲಿ ಬಾಯಿ ಬಿಡಲಿಲ್ಲ. ಏನು ಹೇಳಿದರೂ ಅದರಲ್ಲಿ ಬಿರುಕು ಹುಡುಕುತ್ತಾರೆ, ನೋಡಿದ್ದನ್ನು ಹಾಳು ಮಾಡಿಕೊಳ್ಳುವುದು ಯಾಕೆ ಎಂದು ಅವಳಿಗೆ ಹೇಳಿದರಂತೆ.

ಭಾನುವಾರ ಮುರುಗೇಶಪ್ಪನವರು ಟಿವಿಎಸ್ ಹೊರಗೆ ತೆಗೆದರು. "ಮಲವಗೊಪ್ಪಕ್ಕೆ ತಾನೆ? ನಾನೇ ಬಿಡ್ತೀನಿ."

"ಯಾಕೆ?"

"ಸುಮ್ಮನೆ."

"ಸುಮ್ಮನೆ ಏನೂ ಮಾಡೋರಲ್ಲ ನೀವು" ಎಂದು ಶಂಕರಮ್ಮ ಬಸ್ಸಿಗೇ ಹೋದರು. ಅದರ ಮುಂದಿನ ವಾರವೂ ಹೋದರು. ಈಗ ಅನುಮಾನ ಪಡುವ ಸರದಿ ಅವರದಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಹಿಂದಿನ ಸೀಟಿನಲ್ಲಿ ಕೂತರು.

ಆ ದಿನ ಷಣ್ಮುಗಂ ಫೋನನ್ನು ಮುರುಗೇಶಪ್ಪನವರ ಕೈಗೂ ಕೊಟ್ಟ. ಅವರು "ನಿಮ್ಮ ಗಂಟು ಬಿಚ್ಚಿದ್ದು ನಾನು ತಾಯಿ" ಎಂದರು.

ಅತ್ತ ಕಸ್ತೂರಿ ಹಳೆಯ ಭದ್ರಾವತಿ ಕನ್ನಡದಲ್ಲಿ ಹೇಳಿದಳು, "ಶಂಕರಿ ಹೇಳ್ಲೇ ಇಲ್ವಲ್ಲ ಅಣ್ಣ. ನಿಮಗೆ ಮೈ ಹುಷಾರಿಲ್ಲ, ಅದಕ್ಕೇ ಬರ್ಲಿಲ್ಲ ಅಂದ್ಲು."

ಮುರುಗೇಶಪ್ಪನವರು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

ಶಂಕರಮ್ಮ ಆಮೇಲೆ ಇನ್ನೂ ಎರಡು ಸಲ ಸಿಂಗಪುರಕ್ಕೆ ಹೋಗಿ ಬಂದರು. ಒಂದು ಬೇಸಿಗೆಯಲ್ಲಿ ಕಸ್ತೂರಿಯೂ ಬಂದು ನಮ್ಮ ಎದುರಿನ ಆ ಮನೆಯಲ್ಲೇ ಉಳಿದಿದ್ದಳು. ಮುರುಗೇಶಪ್ಪನವರ ಪಾಸ್‌ಪೋರ್ಟಿಗೆ ಮಾತ್ರ ಒಂದು ಮೊಹರೂ ಬೀಳದೆ ಅವಧಿ ಮುಗಿಯಿತು. ಈಗಲಾದರೂ ಹೋಗಬಾರದೇ ಎಂದು ನಾನೊಮ್ಮೆ ಕೇಳಿದೆ.

"ಬೇಡ ಮಾರಾಯ್ರೆ. ನಮ್ಮನೆಯೋಳು ಕರೀತಾಳೆ, ಇಲ್ಲ ಅಂತಲ್ಲ. ನಾನು ಹೋದ್ರೆ ಊರು ನೋಡಲ್ಲ, ಊರಲ್ಲಿ ಏನು ಸರಿ ಇಲ್ಲ ಅಂತ ನೋಡ್ತೀನಿ. ಅವಳಿಗೆ ಆ ಒಂದು ವಾರ ಆರಾಮಾಗಿರಲಿ" ಎಂದರು. ಹಾಲಿನವನು ಬಂದಿದ್ದ. ಅವರು ಎದ್ದು ಪಾತ್ರೆ ತರಲು ಒಳಗೆ ಹೋದರು.