ಮುದ್ದೆ ಅಗಿದ ಮಧ್ಯಾಹ್ನ

ಸಕ್ಕರೆ ಕಾಯಿಲೆ ನನಗೆ ಹಳೆಯ ನೆಂಟ. ಬಂದು ವರ್ಷಗಳೇ ಆದವು, ಹೋಗುವ ಮಾತಿಲ್ಲ. ಕಾಫಿಗೆ ಸಕ್ಕರೆ ಬಿಟ್ಟು, ಬೆಳಿಗ್ಗೆ ಮಳವಳ್ಳಿ ಕೆರೆ ಏರಿಯ ಮೇಲೆ ನಡೆದು, ಹೇಗೋ ಅದರ ಜೊತೆ ಹೊಂದಿಕೊಂಡಿದ್ದೆ. ಹೋದ ವರ್ಷ ಬಂದದ್ದು ಬೇರೆ. ನಾನು ಹೈಸ್ಕೂಲು ಮೇಷ್ಟ್ರು. ಬೋರ್ಡಿನ ಮೇಲುಗಡೆ ಬರೆಯಲು ಕೈ ಎತ್ತಿದರೆ ತೋಳು ತಾನಾಗಿ ಇಳಿದುಬಿಡುತ್ತಿತ್ತು. ಕೆಳಗಿನ ಅರ್ಧದಲ್ಲೇ ಬರೆಯತೊಡಗಿದೆ. ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು ನೋಡುತ್ತಿದ್ದರು. ಬಸ್ಸು ಹತ್ತಲು ಕಂಬಿ ಹಿಡಿದು ಜಗ್ಗಿಕೊಳ್ಳಬೇಕು. ಹಿಂದಿನಿಂದ ಕಂಡಕ್ಟರ್, "ಅತ್ತಿ ಸಾ, ಬೇಗ ಅತ್ತಿ" ಎಂದು ಕೂಗುವನು.

ಮಂಡ್ಯದಲ್ಲಿ ರಕ್ತ ಕೊಟ್ಟೆ. ಸ್ನಾಯು ಸವೆದಾಗ ರಕ್ತಕ್ಕೆ ಸೇರುವ ಅಂಶವೊಂದು ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ ಎಂದರು. ಸಕ್ಕರೆ ಡಾಕ್ಟರು ಕೊಬ್ಬು ಇಳಿಸಲು ನಾನು ನುಂಗುತ್ತಿದ್ದ ಮಾತ್ರೆಯ ಮೇಲೆ ಅನುಮಾನಪಟ್ಟು ಅದನ್ನು ನಿಲ್ಲಿಸಿದರು. ರಕ್ತದ ಆ ಅಂಶ ಇಳಿಯಲಿಲ್ಲ. ನರದ ಡಾಕ್ಟರು ಇದು ನರದ್ದಲ್ಲ ಎಂದರು, ಕೀಲಿನ ಡಾಕ್ಟರು ಕೀಲಿನದ್ದಲ್ಲ ಎಂದರು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ನನ್ನ ರಕ್ತವನ್ನು ಮಾತ್ರ ಎಲ್ಲರೂ ಎಳೆದರು. "ಹೊಲದಲ್ಲಿ ಭಾರ ಎತ್ತಿದ್ರಾ? ಮೈ ದಣಿದರೂ ಹೀಗಾಗುತ್ತೆ. ವಿಶ್ರಾಂತಿ ತಗೊಂಡು ಮತ್ತೆ ಬನ್ನಿ" ಎಂದೂ ಒಬ್ಬರು ಹೇಳಿದರು. ಮಲಗಿದರೆ ತೊಡೆ ಇನ್ನಷ್ಟು ಸೋಲುತ್ತಿತ್ತು, ಎದ್ದು ಓಡಾಡಿದರೆ ರಕ್ತದಲ್ಲಿ ಆ ಅಂಶ ಇನ್ನೂ ಏರುತ್ತಿತ್ತು. ಸ್ವಂತ ಮೈಯೊಳಗೇ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದ್ದಾರೆ ಅನಿಸಿ ಸಿಟ್ಟು ಬರುತ್ತಿತ್ತು.

ಅವ್ವ ಒಂದನ್ನೂ ನಂಬಲಿಲ್ಲ. "ಕಾಯ್ಲೇನೂ ಇಲ್ಲ, ಕಸಾಲೇನೂ ಇಲ್ಲ. ಕುಂತ್ಕಂಡು ಸಂಬ್ಳ ತಿಂದು ಸೋಂಬೇರಿ ಆಗೋಗಿದ್ದೀಯಾ ಕಣ್ಲಾ" ಎನ್ನುವಳು. ಅವಳೊಬ್ಬಳು ನಂಬಿದರೆ ಸಾಕು ಎಂದು ನನಗೆ ಅಳು ಬರುವಷ್ಟು ಆಸೆಯಿತ್ತು.

ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಕೂತಿದ್ದೆವು. ಮುದ್ದೆ, ಹುರುಳಿಕಾಳಿನ ಸಾರು. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದು. ಅಗಿಯುವವನನ್ನು ಕಂಡರೆ ಬೇರೆ ಸೀಮೆಯವನೆಂದು ನಗುತ್ತಾರೆ. ಕೆಲವು ದಿನಗಳಿಂದ ತುತ್ತು ನನ್ನ ಗಂಟಲಲ್ಲೇ ನಿಲ್ಲುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಮತ್ತೊಬ್ಬ ಡಾಕ್ಟರು. ಮುಖ ಆಚೆ ತಿರುಗಿಸಿ ಮೆಲ್ಲಗೆ ಅಗಿಯುತ್ತಿದ್ದೆ.

"ಲೇ, ಏನ್ಲಾ ಅದು, ಮುದ್ದೆ ಅಗೀತಿದ್ದೀಯಾ?" ಎಂದಳು ಅವ್ವ.

"ಇಲ್ಲ ಕಣವ್ವ."

"ಎಲ್ಲಿ, ನುಂಗು ನೋಡವ."

ಇನ್ನೊಂದು ತುತ್ತು ಮುರಿದು ನುಂಗಲು ಹೋದೆ. ಇಳಿಯಲಿಲ್ಲ. ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಬಂದು, ತುತ್ತನ್ನು ತಟ್ಟೆಗೇ ಉಗಿದೆ.

ಅವ್ವನ ಕೈ ಸಾರಿನಲ್ಲೇ ನಿಂತಿತು. "ಯಾವಾಗಿಂದ್ಲಾ?" ಎಂದಳು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಅವಳು ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೆ, "ಇವನ್ಗೆ ನಾಳಿಂದ ಗಂಜಿ ಕಾಯ್ಸು ಕಣಮ್ಮ" ಎಂದಳು. ಅಷ್ಟು ಮೆತ್ತಗಿನ ದನಿಯನ್ನು ಅವಳಲ್ಲಿ ನಾನು ಕೇಳಿದ್ದು ಅಪ್ಪ ತೀರಿಕೊಂಡಾಗ ಮಾತ್ರ.

ನಂಬಿಬಿಟ್ಟಳು. ಇಷ್ಟು ದಿನ ಅದಕ್ಕೇ ಕಾದಿದ್ದವನಿಗೆ ಈಗ ಹೆದರಿಕೆಯಾಯಿತು. ನನಗೆ ಏನೂ ಆಗಿಲ್ಲ ಎನ್ನುತ್ತಿದ್ದವಳು ಈ ಲೋಕದಲ್ಲಿ ಅವಳೊಬ್ಬಳೇ. ಬೈಯವ್ವಾ, ಇನ್ನೊಂದು ಸಲ ಬೈಯಿ, ಎಂದು ಕೇಳಬೇಕೆನಿಸಿತು. ಬೇಕೆಂದೇ ಅರ್ಧ ಎದ್ದು, ಏಳಲಾರದವನಂತೆ ತಡಮಾಡಿದೆ. ಅವ್ವ ಬೈಯಲಿಲ್ಲ. ಎಂಜಲು ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ನನ್ನ ರಟ್ಟೆ ಹಿಡಿದುಕೊಂಡಳು.